ಡಿಯಾವ್ ಎಲ್ಲಿ ನಿಲ್ಲಬೇಕಿತ್ತು?

2005ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೀನಿಕ್ಸ್ ಸನ್ಸ್ ತಂಡ ತನ್ನ ಆಟಗಾರ ಜೋ ಜಾನ್ಸನ್‌ನನ್ನು ಅಟ್ಲಾಂಟಾ ಹಾಕ್ಸ್‌ಗೆ ಬಿಟ್ಟುಕೊಟ್ಟಿತು. ಬದಲಿಗೆ ಸಿಕ್ಕಿದ್ದು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಸುತ್ತಿನ ಎರಡು ಆಯ್ಕೆ, ಜೊತೆಗೆ ಬೋರಿಸ್ ಡಿಯಾವ್ ಎಂಬ ಫ್ರಾನ್ಸಿನ ಹುಡುಗ. ಸಂತೆಯಲ್ಲಿ ಸೊಪ್ಪಿನ ಮೇಲೆ ಹಾಕುವ ಕೊಸರಿನ ಹಾಗೆ ಬಂದವನು. ಅಟ್ಲಾಂಟಾದಲ್ಲಿ ಕೊನೆಯ ವರ್ಷ ಅವನ ಸರಾಸರಿ 4.8 ಅಂಕ, 82 ಪಂದ್ಯಗಳಲ್ಲಿ ಬರೀ 13 ಗೆದ್ದ ಆ ತಂಡದಲ್ಲೂ ಅವನಿಗೆ ಕಾಯಂ ಜಾಗವಿರಲಿಲ್ಲ. ಮರುವರ್ಷ ಫೀನಿಕ್ಸ್‌ನಲ್ಲಿ 13.3 ಅಂಕ, 6.9 ರೀಬೌಂಡ್, 6.2 ಅಸಿಸ್ಟ್. ಅತಿ ಹೆಚ್ಚು ಸುಧಾರಿಸಿದ ಆಟಗಾರ ಎಂಬ ಪ್ರಶಸ್ತಿಯೂ ಬಂತು.

ಒಂದೇ ಬೇಸಿಗೆಯಲ್ಲಿ ಯಾರೂ ಅಷ್ಟು ಸುಧಾರಿಸುವುದಿಲ್ಲ. ಬದಲಾದದ್ದು ಅವನು ನಿಲ್ಲುವ ಜಾಗ.

ಅಟ್ಲಾಂಟಾ ಅವನನ್ನು ಹೊರಗೆ ಗಾರ್ಡ್ ಆಗಿ ಆಡಿಸಿತ್ತು. ದೂರದಿಂದ ಗುರಿಯಿಡುವುದು ಅವನ ಕಸುಬಲ್ಲ. ಫೀನಿಕ್ಸ್ ಕೋಚ್ ಮೈಕ್ ಡಿ'ಆಂಟೋನಿ ಅವರದು ಬೇರೆಯೇ ಲೆಕ್ಕ: ಚೆಂಡು ಸಿಕ್ಕ ಏಳು ಸೆಕೆಂಡಿನೊಳಗೆ ಎಸೆತ, ಮೂರಂಕದ ಗೆರೆಯ ಸುತ್ತ ಗುರಿಕಾರರು, ಬುಟ್ಟಿಯ ಕೆಳಗೆ ಖಾಲಿ ಅಂಗಳ. ತಂಡದ ದೊಡ್ಡಾಳು ಅಮಾರೆ ಸ್ಟೌಡಮೈರ್‌ನ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದಾಗ ಕೋಚ್ ಆರಡಿ ಎಂಟಿಂಚಿನ ಡಿಯಾವ್‌ನನ್ನೇ ಸೆಂಟರ್ ಮಾಡಿಬಿಟ್ಟರು. ಎದುರಾಳಿಯ ದೈತ್ಯ ಸೆಂಟರ್ ಇವನನ್ನು ತಡೆಯಲು ಮುಂದೆ ಬಂದರೆ ಪಕ್ಕದಿಂದ ನುಸುಳುತ್ತಿದ್ದ. ಇನ್ನೊಬ್ಬ ನೆರವಿಗೆ ಓಡಿ ಬಂದರೆ ಅವನು ಬಿಟ್ಟುಬಂದವನಿಗೆ ಪಾಸ್. ಪಾಸ್ ಕಾಣುವ ಕಣ್ಣು ಅಟ್ಲಾಂಟಾದಲ್ಲೂ ಇತ್ತಲ್ಲ! ಆದರೆ ಅಲ್ಲಿ ಫೀನಿಕ್ಸ್‌ನ ಆಟ ನಡೆಸುತ್ತಿದ್ದ ಗಾರ್ಡ್ ಸ್ಟೀವ್ ನ್ಯಾಶ್ ಇರಲಿಲ್ಲ, ಈ ಖಾಲಿ ಅಂಗಳವೂ ಇರಲಿಲ್ಲ. 2006ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ನ ಮೊದಲ ಪಂದ್ಯದಲ್ಲಿ ಡಲ್ಲಾಸ್ ವಿರುದ್ಧ 34 ಅಂಕ ಗಳಿಸಿ, ಅರ್ಧ ಸೆಕೆಂಡ್ ಉಳಿದಿರುವಾಗ ಗೆಲುವಿನ ಬುಟ್ಟಿಯನ್ನೂ ಹಾಕಿದ.

ಸ್ಟೌಡಮೈರ್ ವಾಪಸಾದ, ಡಿಯಾವ್‌ನ ಸರಾಸರಿ ಹತ್ತಕ್ಕಿಂತ ಕೆಳಗಿಳಿಯಿತು. ಮುಂದೆ ಶಾರ್ಲೆಟ್‌ಗೆ ಹೋದ, 2012ರಲ್ಲಿ ಅವರೂ ಕೈಬಿಟ್ಟರು. ಎತ್ತಿಕೊಂಡದ್ದು ಸ್ಯಾನ್ ಆಂಟೋನಿಯೊದ ಕೋಚ್ ಗ್ರೆಗ್ ಪೊಪೊವಿಚ್. 2014ರ ಫೈನಲ್‌ನ ಮೂರನೇ ಪಂದ್ಯದಿಂದ ಅವನು ಮೊದಲ ಐವರಲ್ಲಿ ಒಬ್ಬ. ಎದುರಾಳಿ ಮಯಾಮಿ 4-1ರಿಂದ ಸೋತಿತು. ಆ ಸರಣಿಯಲ್ಲಿ ಚೆಂಡು ಓಡಿದ ಪರಿ ನೋಡಲೆಂದೇ ನಾನು ಈಗಲೂ ಹಳೆಯ ದೃಶ್ಯ ಹಾಕಿಕೊಂಡು ಕೂರುವುದುಂಟು.

ತದ್ವಿರುದ್ಧದ ಕಥೆ ಗಾರ್ಡ್ ಗ್ಯಾರಿ ಪೇಟನ್‌ನದು. ಬದುಕಿಡೀ ಚೆಂಡನ್ನು ತನ್ನ ಕೈಯಲ್ಲಿಟ್ಟುಕೊಂಡು ಆಟ ನಡೆಸಿದವನು 2003ರಲ್ಲಿ ಲೇಕರ್ಸ್ ಸೇರಿದ. ಅಲ್ಲಿನ ಕೋಚ್ ಫಿಲ್ ಜಾಕ್ಸನ್ ಅವರ ಟ್ರಯಾಂಗಲ್ ಎಂಬ ಆಟದ ಪದ್ಧತಿಯಲ್ಲಿ ಗಾರ್ಡ್ ಪಾಸ್ ಕೊಟ್ಟು ಮೂಲೆಗೆ ಸರಿಯಬೇಕು. ಇಪ್ಪತ್ತು ದಾಟಿದ್ದ ಸರಾಸರಿ 14.6ಕ್ಕೆ ಬಂತು. ವಯಸ್ಸು 35 ಆಗಿತ್ತು, ನಿಜ. ಆದರೆ ಒಂದೇ ವರ್ಷದಲ್ಲಿ ಇಷ್ಟೊಂದು ಮುದಿತನ ಬರುತ್ತದೆಯೇ?

ಹಾಗೆಂದು ಅಂಕ ಇಳಿದದ್ದೆಲ್ಲ ಸೋಲಲ್ಲ. ಕ್ಲಿಪ್ಪರ್ಸ್‌ನಲ್ಲಿ 20.1 ಸರಾಸರಿ ಇದ್ದ ರಾನ್ ಹಾರ್ಪರ್, 1994ರಲ್ಲಿ ಇದೇ ಜಾಕ್ಸನ್ ಅವರ ಶಿಕಾಗೊ ಬುಲ್ಸ್ ಸೇರಿದ ಮೊದಲ ವರ್ಷ 6.9ಕ್ಕೆ ಕುಸಿದ. ಪತ್ರಿಕೆಯ ಅಂಕಪಟ್ಟಿಯಷ್ಟೇ ಓದುವವರಿಗೆ ಅವನ ಕಥೆ ಮುಗಿದಂತೆಯೇ ಕಂಡಿರಬೇಕು. ಅವನು ರಕ್ಷಣೆಯ ಆಟವನ್ನು ಹೊಸದಾಗಿ ಕಲಿತ. 1996ರಿಂದ ಬುಲ್ಸ್ ಜೊತೆ ಸತತ ಮೂರು ಲೀಗ್ ಪ್ರಶಸ್ತಿ ಗೆದ್ದ. 1999ರಲ್ಲಿ ಜಾಕ್ಸನ್ ಲೇಕರ್ಸ್‌ಗೆ ಹೋದಾಗ ಹಾರ್ಪರ್‌ನನ್ನೂ ಕರೆಸಿಕೊಂಡರು. ಅಂಕ ಗಳಿಸಲು ಅಲ್ಲಿ ಶಾಕಿಲ್ ಓನೀಲ್ ಇದ್ದ, ಕೋಬಿ ಬ್ರಯಂಟ್ ಇದ್ದ. ಟ್ರಯಾಂಗಲ್ ಬಾಯಿಪಾಠವಿದ್ದ ಗಾರ್ಡ್ ಬೇಕಾಗಿತ್ತು.