ಕಡಲ ದಂಡೆಯಲ್ಲಿ ‘ಶಿಕಾರಿ’

ಬೇಸಗೆಯ ರಜೆಯಲ್ಲಿ ಮುಂಬಯಿಗೆ ಹೋಗಿದ್ದಾಗ ಒಂದು ಅಪರಾಹ್ನವನ್ನು ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕಳೆದೆ. ಕೈಯಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ ಇತ್ತು. 1928ರಲ್ಲಿ ಹನೇಹಳ್ಳಿಯಲ್ಲಿ ಹುಟ್ಟಿದ ಚಿತ್ತಾಲರು ಬಹುಕಾಲ ಬಾಳಿದ್ದು ಇಲ್ಲಿಯೇ, ಕಡಲೆದುರಿನ ಮನೆಯೊಂದರಲ್ಲಿ.

ಇಳಿತದ ಹೊತ್ತು. ಕಪ್ಪು ಬಂಡೆಗಳು ದೂರದವರೆಗೆ ಮೈಚಾಚಿದ್ದವು. ಅಲ್ಲಲ್ಲಿ ಕೊಡೆಯ ಮರೆಯಲ್ಲಿ ಪ್ರೇಮಿಗಳು. ಕಟ್ಟೆಯ ಮೇಲೆ ಚಪ್ಪಲಿ ಕಳಚಿಟ್ಟು ಕಾಲು ಚಾಚಿದ ಮುದುಕರು. ಶೇಂಗಾ ಮಾರುವ ಹುಡುಗ. ದಕ್ಷಿಣದ ತುದಿಯಲ್ಲಿ ಪೋರ್ತುಗೀಸರು 1640ರಲ್ಲಿ ಕಟ್ಟಿದ ಕೋಟೆಯ ಅವಶೇಷ, ಅದರಾಚೆಗೆ 2009ರಲ್ಲಿ ತೆರೆದ ಸಮುದ್ರ ಸೇತುವೆ. ಯಾರಿಗೂ ಅವಸರವಿರಲಿಲ್ಲ. ಮುಂಬಯಿಯೆಂದರೆ ಲೋಕಲ್ ಗಾಡಿಯ ನೂಕುನುಗ್ಗಲು ಮಾತ್ರವೆಂದು ನಂಬಿದ ನಮ್ಮಂಥವರಿಗೆ ಇದೊಂದು ತಿದ್ದುಪಡಿಯೇ ಸರಿ.

‘ಶಿಕಾರಿ’ (1979) ಮಹಾನಗರದ ಅಮಾನುಷತೆಯ ಕಾದಂಬರಿ, ಹಳ್ಳಿಯಿಂದ ಬಂದ ನಾಗಪ್ಪನನ್ನು ನಗರ ಬೇಟೆಯಾಡುತ್ತದೆ ಎಂದು ಹಲವು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಪರೀಕ್ಷೆಯ ಮಟ್ಟಿಗೆ ಸಾಲುವ ಮಾತು. ಆ ಕಟ್ಟೆಯ ಮೇಲೆ ಕುಳಿತಾಗ ಅದು ನನಗೇ ತೆಳುವೆನಿಸಿತು. ಇಷ್ಟು ಜನರಿಗೆ ಇಷ್ಟು ನಿರಾಳವಾದ ಬಿಡುವನ್ನು ಕೊಟ್ಟದ್ದೂ ಅದೇ ನಗರವಲ್ಲವೇ?

ನಾಗಪ್ಪ ಚಾಕರಿಯಿಂದ ಅಮಾನತಾದವನು. ಎಂದರೆ ಲೆಕ್ಕಕ್ಕೆ ಅವನಿಗೆ ಬೇಕಾದಷ್ಟು ಬಿಡುವಿದೆ. ಆದರೆ ಒಂದು ಗಳಿಗೆಯ ವಿಶ್ರಾಂತಿಯಿಲ್ಲ. ಪ್ರತಿಯೊಬ್ಬರ ಮಾತಿನಲ್ಲಿಯೂ ನಗೆಯಲ್ಲಿಯೂ ಅವನು ಇನ್ನೊಂದು ಅರ್ಥವನ್ನು ಹುಡುಕಬೇಕು. ಅವನು ಕಳೆದುಕೊಂಡದ್ದು ಕೆಲಸವೊಂದನ್ನೇ ಅಲ್ಲ, ನಾಲ್ಕು ಜನರ ನಡುವೆ ಮೈಮರೆತು ಕೂಡ್ರುವ ಧೈರ್ಯವನ್ನು. ಬೇಟೆಗಾರರಾದರೂ ಯಾರು? ಬರಿಯ ನಗರವಲ್ಲ. ಕಂಪನಿಯ ನಾಲ್ಕಾರು ಜನ, ಊರಿನಿಂದಲೇ ಬೆನ್ನು ಹತ್ತಿ ಬಂದ ನೆನಪುಗಳು, ಎಲ್ಲಕ್ಕಿಂತ ಹೆಚ್ಚಾಗಿ ಅವನದೇ ಮನಸ್ಸು. ನಗರವನ್ನು ದೂರಿ ಕೈತೊಳೆದುಕೊಳ್ಳುವ ನಮ್ಮ ವಿಮರ್ಶೆ ಈ ಮೂವರನ್ನೂ ಬಿಟ್ಟುಬಿಟ್ಟಿದೆ.

ನನಗಿದು ಹೊಳೆದದ್ದು ಪುಸ್ತಕದಿಂದ ಮಾತ್ರವಲ್ಲ. ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರು ನೌಕರಿಯಿಂದ ಅಮಾನತಾಗಿ ಮನೆಯಲ್ಲಿದ್ದರು. “ಹೇಗೂ ಪುರುಸೊತ್ತಿದೆ, ನಾಲ್ಕು ಪುಸ್ತಕ ಓದಿ” ಎಂದು ಬುದ್ಧಿ ಹೇಳಿದ್ದೆ. ಅವರು ಮರುಮಾತಾಡಲಿಲ್ಲ. ಸಂಜೆ ತಿರುಗಾಡಲು ಕರೆದರೆ ಬರುತ್ತಿರಲಿಲ್ಲ. ಬಂದರೂ ಆಪಾದನೆಗೆ ತಾವು ಕೊಡಬೇಕಾದ ಉತ್ತರವನ್ನೇ ಮತ್ತೆ ಮತ್ತೆ ಒಪ್ಪಿಸುತ್ತಿದ್ದರು. ಕೇಳಿ ಕೇಳಿ ಬೇಸತ್ತು ನಾನೇ ಕರೆಯುವುದನ್ನು ಬಿಟ್ಟೆ.

‘ಶಿಕಾರಿ’ಯ ಸ್ವಗತಗಳು ಅತಿ ಉದ್ದವಾದವು, ಹೇಳಿದ್ದನ್ನೇ ಹೇಳುತ್ತವೆ ಎಂಬುದು ನನ್ನ ಹಳೆಯ ಆಕ್ಷೇಪ. ಈಗಲೂ ಕೆಲವು ಕಡೆ ಕತ್ತರಿ ಬೇಕಿತ್ತೆಂದೇ ತೋರುತ್ತದೆ. ಆದರೆ ಎಲ್ಲಿ ಕತ್ತರಿಸಬೇಕೆಂದು ಪೆನ್ಸಿಲು ಹಿಡಿದು ಹೊರಟವನು ಆ ಮಧ್ಯಾಹ್ನ ಐವತ್ತು ಪುಟ ದಾಟಿದರೂ ಒಂದು ಗೆರೆ ಎಳೆದಿರಲಿಲ್ಲ. ಅಷ್ಟರಲ್ಲಿ ಭರತ ಏರಿ, ಪ್ರೇಮಿಗಳು ಕೊಡೆ ಮಡಿಸಿ ಬಂಡೆಯಿಂದ ಎದ್ದು ಬರುತ್ತಿದ್ದರು.