ಹೃದಯಯಂತ್ರದ ಗಾಯವೂ ರಕ್ತಸ್ರಾವವೂ: ಒಂದು ಪ್ರಬಂಧದ ವಿಮರ್ಶೆ

ಹೃದಯದ ಬಡಿತವನ್ನು ಕ್ರಮಪಡಿಸುವ ಪೇಸ್‌ಮೇಕರ್ ಮೊದಲಾದ ಯಂತ್ರಗಳನ್ನು ವೈದ್ಯರು ಎದೆಯ ಮೇಲ್ಭಾಗದಲ್ಲಿ ಚರ್ಮದ ಕೆಳಗೆ ಚಿಕ್ಕದೊಂದು ಕುಹರವನ್ನು ಮಾಡಿ ಇರಿಸುತ್ತಾರೆ. ಆ ಕುಹರದಲ್ಲಿ ರಕ್ತವು ಸೋರಿ ಮಡುಗಟ್ಟುವುದು ಈ ಚಿಕಿತ್ಸೆಯ ಒಂದು ಮುಖ್ಯ ಉಪದ್ರವ. ಕೃತಕ ಕವಾಟವುಳ್ಳವರಿಗೂ ಹೃದಯದ ಲಯ ತಪ್ಪಿದ ಹಲವರಿಗೂ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಎಂಬ ಔಷಧವನ್ನು ಕೊಡುತ್ತಿರುವುದರಿಂದ ಸಂಕಟವು ಇಮ್ಮಡಿಯಾಗುತ್ತದೆ: ಬಿಟ್ಟರೆ ಪಾರ್ಶ್ವವಾಯುವಿನ ಭಯ, ಬಿಡದಿದ್ದರೆ ರಕ್ತಸ್ರಾವದ ಭಯ. ವಾರ್ಫರಿನನ್ನು ಕೆಲವು ದಿನ ನಿಲ್ಲಿಸಿ, ನಡುವಣ ಅವಧಿಗೆ ಹೆಪಾರಿನನ್ನು ಸೇತುವೆಯಂತೆ ಕೊಡುವುದು ಬಹುಕಾಲ ನಡೆದುಬಂದ ಮಾರ್ಗವಾಗಿದ್ದಿತು. ಈ ಮಾರ್ಗವನ್ನು ಪರೀಕ್ಷೆಗೊಡ್ಡಿದ ಬರ್ನಿ ಮತ್ತು ಅವರ ಸಹೋದ್ಯೋಗಿಗಳ ಪ್ರಬಂಧವು ೨೦೧೩ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕೆನಡ ಮತ್ತು ಬ್ರೆಜಿಲ್ ದೇಶಗಳ ೬೮೧ ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಪಂಗಡ ಮಾಡಿ ನೋಡಲಾಗಿ, ವಾರ್ಫರಿನನ್ನು ಬಿಡದೆ ಮುಂದುವರಿಸಿದವರಲ್ಲಿ ನೂರಕ್ಕೆ ೩.೫ ಮಂದಿಗೂ, ಹೆಪಾರಿನ್ ಪಡೆದವರಲ್ಲಿ ನೂರಕ್ಕೆ ೧೬ ಮಂದಿಗೂ ರಕ್ತವು ಮಡುಗಟ್ಟಿತು. ರಕ್ಷಣೆಯೆಂದು ನಂಬಿದ್ದ ಸೇತುವೆಯೇ ಅಪಾಯದ ದಾರಿಯಾಗಿತ್ತೆಂಬುದು ಇದರಿಂದ ಸಿದ್ಧವಾಯಿತು.

ಪ್ರಬಂಧದಲ್ಲಿ ಮೊದಲು ಪರಿಶೀಲಿಸತಕ್ಕದ್ದು ಅದರ ಲಕ್ಷಣವಾಕ್ಯ. ಮತ್ತೆ ಶಸ್ತ್ರಕ್ರಿಯೆಯನ್ನು ಬೇಡುವ, ಆಸ್ಪತ್ರೆಯ ವಾಸವನ್ನು ಬೆಳೆಸುವ, ಇಲ್ಲವೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ನಿಲ್ಲಿಸಬೇಕಾಗಿ ಬರುವ ಊತವೇ ಗಣನೀಯವೆಂದು ಕರ್ತೃಗಳು ನಿಯಮಿಸಿದ್ದಾರೆ. ಇದು ಸ್ವರೂಪಲಕ್ಷಣವಲ್ಲ, ಕಾರ್ಯದಿಂದ ಕಟ್ಟಿದ ಲಕ್ಷಣ. ವೈದ್ಯನ ಸ್ವಭಾವಕ್ಕೆ ತಕ್ಕಂತೆ ಗಣನೆಯೂ ಬದಲಾದೀತೆಂಬ ಆಕ್ಷೇಪಕ್ಕೆ ಇಲ್ಲಿ ಎಡೆಯುಂಟು. ಆದರೆ ರೋಗಿಯು ಯಾವ ಪಂಗಡದವನೆಂದು ಅರಿಯದ ವೈದ್ಯರೇ ಊತವನ್ನು ನಿರ್ಣಯಿಸುವಂತೆ ಏರ್ಪಡಿಸಿದ್ದರಿಂದ ಪಕ್ಷಪಾತದ ಶಂಕೆ ಬಹುಮಟ್ಟಿಗೆ ಪರಿಹಾರವಾಗುತ್ತದೆ. ೨೦೧೬ರಲ್ಲಿ ಇದೇ ರೋಗಿಗಳ ಮುಂದಿನ ಒಂದು ವರ್ಷದ ವೃತ್ತಾಂತ ಪ್ರಕಟವಾದಾಗ, ಇಂತಹ ಊತವಾಗಿದ್ದವರಲ್ಲಿ ನೂರಕ್ಕೆ ೧೧ ಮಂದಿಗೂ ಉಳಿದವರಲ್ಲಿ ೧.೫ ಮಂದಿಗೂ ಯಂತ್ರದ ನಂಜು ತಗುಲಿದ್ದು ತಿಳಿದುಬಂದಿತು. ಲಕ್ಷಣವು ಸಾರ್ಥಕವೆನ್ನಲು ಇದಕ್ಕಿಂತ ಬಲವಾದ ಪ್ರಮಾಣ ಬೇಡ.

ಎರಡನೆಯದು ಹೇತುವಿನ ವಿಚಾರ. ವಾರ್ಫರಿನ್ ಮೈಯಲ್ಲಿರುವಾಗಲೇ ಶಸ್ತ್ರಕ್ರಿಯೆ ನಡೆದರೆ ಸೋರುವ ರಕ್ತವು ಗಾಯ ತೆರೆದಿರುವಾಗಲೇ ಕಾಣಿಸಿಕೊಂಡು ವೈದ್ಯನು ಅದನ್ನು ತಡೆಯಬಲ್ಲನು. ಹೆಪಾರಿನಾದರೋ ಗಾಯ ಮುಚ್ಚಿದ ಮೇಲೆ ಒಳಗೊಳಗೆ ಸೋರಿಸುತ್ತದೆಂದು ಕರ್ತೃಗಳು ಊಹಿಸುತ್ತಾರೆ. ಊಹೆ ಮನೋಹರವಾಗಿದೆ, ಯುಕ್ತಿಗೂ ಒಪ್ಪುತ್ತದೆ. ಆದರೆ ಪರೀಕ್ಷೆಯಿಂದ ಸಿದ್ಧವಾದದ್ದು ಫಲವೇ ಹೊರತು ಹೇತುವಲ್ಲ. ಈ ವಿವೇಕವನ್ನು ಓದುಗರು ಮರೆಯಬಾರದು.

ಮೂರನೆಯದು ಅತಿದೇಶದ ಎಚ್ಚರಿಕೆ. ಒಂದು ಔಷಧದಲ್ಲಿ ಸಿದ್ಧವಾದ ನಿಯಮವನ್ನು ಮತ್ತೊಂದಕ್ಕೆ ಸುಮ್ಮನೆ ಅನ್ವಯಿಸಲಾಗದು. ಹೊಸ ಬಗೆಯ ಔಷಧಗಳನ್ನು ಕುರಿತು ೨೦೧೮ರಲ್ಲಿ ಪ್ರಕಟವಾದ ೬೬೨ ರೋಗಿಗಳ ಪರೀಕ್ಷೆಯಲ್ಲಿ, ಮುಂದುವರಿಸಿದವರಿಗೂ ನಿಲ್ಲಿಸಿದವರಿಗೂ ಊತದ ಪ್ರಮಾಣ ನೂರಕ್ಕೆ ೨.೧ರಷ್ಟೇ ಆಯಿತು. ಅಲ್ಲದೆ ವಾರ್ಫರಿನ್ ಮುಂದುವರಿಸಬೇಕೆಂದರೆ ಮಿತಿಯಿಲ್ಲದೆ ಎಂದರ್ಥವಲ್ಲ. ಶಸ್ತ್ರಕ್ರಿಯೆಯ ದಿನ ರಕ್ತಪರೀಕ್ಷೆಯ ಅಂಕವು ಮೂರನ್ನು, ಕೃತಕ ಕವಾಟವುಳ್ಳವರಲ್ಲಿ ಮೂರೂವರೆಯನ್ನು, ಮೀರಬಾರದೆಂಬ ನಿಯಮವು ಪ್ರಬಂಧದಲ್ಲಿಯೇ ಇದೆ.

ಪರೀಕ್ಷೆಗೆ ಇಟ್ಟ ‘ಬ್ರೂಯಿಸ್ ಕಂಟ್ರೋಲ್’ ಎಂಬ ಹೆಸರು, ಅಕ್ಷರಗಳನ್ನು ಹೆಕ್ಕಿ ಜೋಡಿಸಿದ ಶ್ಲೇಷೆಯಾಗಿ, ಗಂಭೀರವಾದ ಉಪದ್ರವವನ್ನು ಕೇವಲ ಕಂದಿದ ಚರ್ಮವೆಂಬಂತೆ ಲಘುಗೊಳಿಸುತ್ತದೆ. ಇದು ನಾಮದೋಷ ಮಾತ್ರ. ರೂಢಿಯೇ ಪ್ರಮಾಣವೆಂದು ನಿಂತಿದ್ದ ಕಡೆ ರೂಢಿಯನ್ನೇ ಪ್ರಮೇಯವಾಗಿಸಿ ಪರೀಕ್ಷಿಸಿದ್ದು ಈ ಪ್ರಬಂಧದ ಹಿರಿಮೆ; ಆ ಗುಣದ ಮುಂದೆ ಹೆಸರಿನ ದೋಷವು ಗಣ್ಯವಲ್ಲ.