ಹಳಗನ್ನಡದ ಮುದ್ರಣದಲ್ಲಿ ಱಕಾರ ೞಕಾರಗಳು

ಹಳಗನ್ನಡ ಕಾವ್ಯಗಳು ಅಲ್ಪಬೆಲೆಗೆ ಅಚ್ಚಾಗಿ ವಿಜಯನಗರ ರಾಜಾಜಿನಗರಗಳ ವಿದ್ಯಾರ್ಥಿಗಳ ಕೈಗೂ ಬರುತ್ತಿರುವುದು ಸಂತೋಷದ ವಿಷಯವು. ಆದರೆ ಇಂತಹ ಕೆಲವು ಮುದ್ರಣಗಳು ಱಕಾರವನ್ನು ರಕಾರವಾಗಿಯೂ ೞಕಾರವನ್ನು ಳಕಾರವಾಗಿಯೂ ಮೂಲಪಾಠದಲ್ಲಿಯೇ ತಿದ್ದಿಬಿಟ್ಟಿರುವುವು. ಇಂದಿನ ಓದುಗರಿಗೆ ಸುಲಭವಾಗಲೆಂದು ಹೀಗೆ ಮಾಡಿದೆವೆಂಬುದು ಅವರ ಸಮಾಧಾನ. ಇದು ಒಪ್ಪತಕ್ಕ ಸಮಾಧಾನವಲ್ಲ.

ಆಳ್ ಎಂದರೆ ಒಡೆತನ ಮಾಡು. ಆೞ್ ಎಂದರೆ ಮುಳುಗು. ಎರಡನ್ನೂ ಳಕಾರದಿಂದಲೇ ಅಚ್ಚುಹಾಕಿದರೆ ಅರಸನು ನಾಡನ್ನಾಳಿದನೋ ನೀರಿನಲ್ಲಿ ಮುಳುಗಿದನೋ ಎಂದು ಹುಡುಗನು ತಡವರಿಸಬೇಕಾಗುವುದು! ಬಾಳ್ ಎಂಬುದು ಕತ್ತಿ, ಬಾೞ್ ಎಂಬುದು ಜೀವನ. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಕೆಂಗೇರಿಯ ಕಡೆಗೆ ಹೋದರೆ ಕೆರೆಯೂ ಉಂಟು, ಕೇರಿಗಳೂ ಉಂಟು; ಇಂದು ಎರಡಕ್ಕೂ ಒಂದೇ ರಕಾರ. ಹಿಂದಿನವರು ಜನರ ಕೇರಿಗೆ ರಕಾರವನ್ನೂ ನೀರಿನ ಕೆಱೆಗೆ ಱಕಾರವನ್ನೂ ಬರೆಯುತ್ತಿದ್ದರು.

ಅರ್ಥದ ಮಾತು ಹಾಗಿರಲಿ, ಪ್ರಾಸದ ಗತಿಯೇನು? ಪಾದದ ಎರಡನೆಯ ವ್ಯಂಜನವು ಎಲ್ಲ ಪಾದಗಳಲ್ಲಿಯೂ ಒಂದೇ ಆಗಿರಬೇಕೆಂಬುದು ಕನ್ನಡ ಕವಿಗಳ ಕಟ್ಟಳೆ. ೞಕಾರಕ್ಕೆ ಳಕಾರವನ್ನು ಜೋಡಿಸದೆ ಎಚ್ಚರದಿಂದ ನಡೆದ ಪೂರ್ವಕವಿಗೂ, ಆ ಭೇದವು ಅಳಿದ ಮೇಲೆ ಎರಡನ್ನೂ ಬೆರಸಿದ ಈಚಿನವನಿಗೂ ಇರುವ ಅಂತರವು ಇಂತಹ ಮುದ್ರಣದಲ್ಲಿ ಕಾಣುವುದೇ ಇಲ್ಲ. ಕಾಲನಿರ್ಣಯಕ್ಕೆ ಒದಗುವ ಸಾಕ್ಷ್ಯವೊಂದು ಹೀಗೆ ನಾಶವಾಗುವುದು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಱಳ, ಕುಳ, ಕ್ಷಳಗಳೆಂದು ವಿಂಗಡಿಸಿ, ೞಕಾರವುಳ್ಳ ಶಬ್ದಗಳ ಪಟ್ಟಿಯನ್ನೇ ಕೊಟ್ಟಿರುವನು. ಆಗಲೇ ಜನರ ಬಾಯಲ್ಲಿ ಈ ಧ್ವನಿಯು ಮರೆಯಾಗುತ್ತಿದ್ದುದರಿಂದಲ್ಲವೆ ಪಟ್ಟಿಯು ಬೇಕಾದುದು? ಕಿಟ್ಟೆಲ್ ಮಹಾಶಯರೂ 1894ರ ತಮ್ಮ ನಿಘಂಟಿನಲ್ಲಿ ಈ ಎರಡಕ್ಷರಗಳನ್ನು ಕೈಬಿಡಲಿಲ್ಲ.

ಈ ವಿಷಯದಲ್ಲಿ ಜಪಾನೀಯರ ನಡತೆಯು ವಿಚಾರಾರ್ಹವು. ಅವರ ಪ್ರಾಚೀನ ಬರಹದಲ್ಲಿ 'ನದಿ' ಎಂಬರ್ಥದ ಶಬ್ದವನ್ನು 'ಕಹ' ಎಂದು ಬರೆದು 'ಕವ' ಎಂದು ಓದುವರು. 'ಈ ದಿನ' ಎಂಬುದನ್ನು 'ಕೆಫು' ಎಂದು ಬರೆದು 'ಕ್ಯೋ' ಎನ್ನುವರು. 17ನೆಯ ಶತಮಾನದಲ್ಲಿ ಕೇಯ್ಚೂ ಎಂಬ ಬೌದ್ಧಭಿಕ್ಷುವು ಪುರಾತನ ಗ್ರಂಥಗಳನ್ನು ಶೋಧಿಸಿ ಈ ಹಳೆಯ ಕ್ರಮವನ್ನು ನಿರ್ಧರಿಸಿದನು. 1946ರಲ್ಲಿ ಅಲ್ಲಿಯ ಸರ್ಕಾರವು ಉಚ್ಚಾರಣೆಗೆ ಸಮೀಪವಾದ ಹೊಸ ಕ್ರಮವನ್ನು ವಿಧಿಸಿತು. ವಿ, ವೆ ಎಂಬ ಎರಡಕ್ಷರಗಳು ನಿತ್ಯದ ಬರವಣಿಗೆಯಿಂದ ತೊಲಗಿದವು. ಆದರೂ ಶಾಲೆಯ ಮಕ್ಕಳು ಪ್ರಾಚೀನ ಕಾವ್ಯವನ್ನು ಹಳೆಯ ಕಾಗುಣಿತದಲ್ಲಿಯೇ ಓದುವರು. ಉಚ್ಚಾರಣೆ ಬೇಕಾದೆಡೆ ಪಕ್ಕದಲ್ಲಿ ಸಣ್ಣ ಅಕ್ಷರಗಳಿಂದ ಸೂಚಿಸುವುದುಂಟು. ಪತ್ರಿಕೆಗೆ ಹೊಸ ಕ್ರಮ, ಪೂರ್ವಿಕರ ಗ್ರಂಥಕ್ಕೆ ಪೂರ್ವಿಕರ ಕ್ರಮ.

ನಾವೂ ಇಂದಿನ ಗದ್ಯದಲ್ಲಿ ಱ, ೞಗಳನ್ನು ಬರೆಯಬೇಕೆಂದು ನಾನು ಹೇಳುವವನಲ್ಲ. ಇಲ್ಲದ ಧ್ವನಿಗೆ ಅಕ್ಷರವೇಕೆ? ಅಚ್ಚುಮೊಳೆಗಳಿಲ್ಲವೆಂಬ ಹಿಂದಿನ ಕಷ್ಟವೂ ಈಗಿಲ್ಲ. ಗಣಕಯಂತ್ರದ ಜಾಗತಿಕ ಲಿಪಿಸಂಕೇತವಾದ ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿದೆ. (ಅದರಲ್ಲಿ ೞಕಾರಕ್ಕೆ 'ಫ' ಎಂದು ತಪ್ಪು ಹೆಸರಿಟ್ಟು, ಬಳಿಕ ಸರಿಯಾದ ಉಪನಾಮವನ್ನು ಸೇರಿಸಿದರೆಂಬುದು ನಗೆ ತರಿಸುವ ಸಂಗತಿ.) ಸಂಪಾದಕರು ಮೂಲವನ್ನು ಇದ್ದಂತೆಯೇ ಅಚ್ಚುಮಾಡಿ, ಇಂದಿನ ರೂಪವನ್ನು ಅಡಿಟಿಪ್ಪಣಿಯಲ್ಲಿ ಕೊಡಲಿ, ಮೊದಲಲ್ಲಿ ಅರ್ಧ ಪುಟದಷ್ಟು ಅಕ್ಷರಪರಿಚಯವಿರಲಿ. ಎರಡಕ್ಷರಗಳನ್ನು ಕಲಿಯಲು ಹುಡುಗನಿಗೆ ಅರ್ಧ ಗಂಟೆ ಸಾಕು.